ನೋವಿಲ್ಲದೆ ಬರುವ ರಕ್ತ, ತಾನಾಗಿ ನಿಲ್ಲುವ ರಕ್ತ

ನನ್ನ ಸೋದರಮಾವನಿಗೆ ಒಂದು ಬೆಳಿಗ್ಗೆ ಮೂತ್ರ ಪುನರ್ಪುಳಿ ಶರಬತ್ತಿನ ಬಣ್ಣದಲ್ಲಿ ಹೋಯಿತು. ನೋವಿಲ್ಲ, ಉರಿಯಿಲ್ಲ, ಜ್ವರವೂ ಇಲ್ಲ. ‘ಉಷ್ಣ ಆಗಿರ್ಬೇಕು’ ಎಂದು ಅತ್ತೆ ಎರಡು ಎಳನೀರು ಕೆತ್ತಿಸಿ ಕೊಟ್ಟರು, ರಾತ್ರಿಗೆ ಬಾರ್ಲಿ ಗಂಜಿ. ಮಾರನೇ ದಿನ ಮೂತ್ರ ತಿಳಿಯಾಯಿತು, ಎಳನೀರಿಗೆ ಹೆಸರು ಬಂತು. ಐದು ತಿಂಗಳ ಮೇಲೆ ಮತ್ತೆ ಅದೇ ಬಣ್ಣ, ಈ ಸಲ ಹೆಪ್ಪುಗಟ್ಟಿದ ಚೂರುಗಳ ಜೊತೆ. ನಲವತ್ತು ವರ್ಷ ಬೀಡಿ ಸೇದಿದ ಮನುಷ್ಯ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಆಗಲೇ.

ಮೂತ್ರಕೋಶದ, ಅಂದರೆ ಬ್ಲಾಡರ್‌ನ ಕ್ಯಾನ್ಸರ್ ಬಹುಪಾಲು ಹೀಗೇ ಬಾಗಿಲು ತಟ್ಟುತ್ತದೆ. ಗಡ್ಡೆಯ ಮೇಲಿನ ಸಣ್ಣ ರಕ್ತನಾಳ ಒಡೆದರೆ ಕೆಂಪು, ಮುಚ್ಚಿಕೊಂಡರೆ ತಿಳಿ. ಎಳನೀರು ಕುಡಿದರೂ ನಿಲ್ಲುತ್ತದೆ, ಕುಡಿಯದಿದ್ದರೂ ನಿಲ್ಲುತ್ತದೆ. ನಿಂತದ್ದಕ್ಕೇ ಸಮಾಧಾನಪಟ್ಟು ಕೂತವರು ಕಳೆದುಕೊಳ್ಳುವುದು ತಿಂಗಳುಗಟ್ಟಲೆ ಕಾಲ.

ಮೊದಲ ವಾರ

ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದೀರಾ, ಕ್ಷಯಕ್ಕೆ ರಿಫಾಂಪಿಸಿನ್ ನುಂಗುತ್ತಿದ್ದೀರಾ ನೋಡಿಕೊಳ್ಳಿ. ಇವೆರಡೂ ಮೂತ್ರದ ಬಣ್ಣ ಕೆಡಿಸುತ್ತವೆ. ಅವಲ್ಲವಾದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ವೈದ್ಯರ ಮುಂದೆ ಕೂತಾಗ ಬಣ್ಣ ವರ್ಣಿಸುವ ಕಷ್ಟ ತಪ್ಪುತ್ತದೆ. ಮೂತ್ರದ ಮಾಮೂಲಿ ಪರೀಕ್ಷೆ, ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಎರಡನ್ನೂ ಮಾಡಿಸಿ. ಸೋಂಕು ಕಂಡರೆ ಔಷಧಿಯ ಕೋರ್ಸ್ ಮುಗಿಸಿ, ರಕ್ತ ಪೂರ್ತಿ ಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಹೆಂಗಸರಿಗೆ ಇಲ್ಲಿ ಅನ್ಯಾಯವಾಗುವುದೇ ಹೆಚ್ಚು. ‘ಉರಿಮೂತ್ರ’ ಎಂದು ಒಂದರ ಹಿಂದೊಂದು ಆ್ಯಂಟಿಬಯಾಟಿಕ್ ಕೊಡುತ್ತಾರೆ, ಇಲ್ಲವೇ ಮುಟ್ಟಿನ ರಕ್ತವೆಂದು ಸುಮ್ಮನಾಗುತ್ತಾರೆ. ಕಲ್ಚರ್ ಇಲ್ಲದೆ ಎರಡನೇ ಸಲ ಅದೇ ಮಾತ್ರೆ ಬರೆದರೆ ಯುರಾಲಜಿ ತಜ್ಞರ ಬಳಿ ಕಳಿಸಿ ಎಂದು ಕೇಳಿ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ‘ಅದರಿಂದಲೇ’ ಎಂದು ತಳ್ಳಿಹಾಕಬಾರದು, ತಾವಾಗಿ ಮಾತ್ರೆ ನಿಲ್ಲಿಸಲೂಬಾರದು.

ಬೀಡಿ, ಸಿಗರೇಟು ಎಷ್ಟು ವರ್ಷ ಎಂಬುದನ್ನು ಮುಚ್ಚಿಡದೆ ಹೇಳಿ. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೊಗೆಯೇ ಕಾರಣ. ಹಳೆಯ ಕೆಲಸವನ್ನೂ ಹೇಳಿ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆಗಳನ್ನು ಜರ್ಮನಿಯ ಲುಡ್ವಿಗ್ ರೆನ್ ಗುರುತಿಸಿದ್ದು 1895ರಲ್ಲಿ. ಬಣ್ಣ, ರಬ್ಬರ್, ಚರ್ಮ ಹದಮಾಡುವ ಕಡೆ ದುಡಿದು ಇಪ್ಪತ್ತು ವರ್ಷ ಕಳೆದ ಮೇಲೂ ರೋಗ ತಲೆ ಎತ್ತಬಹುದು.

ಸ್ಕ್ಯಾನ್ ನಾರ್ಮಲ್, ಆಮೇಲೆ?

ಅಲ್ಟ್ರಾಸೌಂಡ್‌ಗೆ ನೀರು ಕುಡಿದು, ಮೂತ್ರ ತುಂಬಿಕೊಂಡು ಹೋಗಿ. ಖಾಲಿ ಮೂತ್ರಕೋಶದ ಮಡಿಕೆಗಳಲ್ಲಿ ಗಡ್ಡೆ ಅಡಗುತ್ತದೆ. ತುಂಬಿದ್ದರೂ ಸಣ್ಣ ಗಡ್ಡೆ, ಚಪ್ಪಟೆಯಾಗಿ ಹರಡಿದ ಕ್ಯಾನ್ಸರ್ ಕಾಣದೆ ಹೋಗಬಹುದು. ಆದ್ದರಿಂದ ಕಣ್ಣಿಗೆ ಕಾಣುವ ರಕ್ತ ಹೋದವರಿಗೆ ‘ಸ್ಕ್ಯಾನ್ ನಾರ್ಮಲ್’ ಎಂಬುದು ಕೊನೆಯ ಮಾತಲ್ಲ. ಮೂತ್ರಕೋಶದೊಳಗೆ ಕೊಳವೆ ಬಿಟ್ಟು ನೋಡುವ ಸಿಸ್ಟೊಸ್ಕೋಪಿ ಆಗಲೇಬೇಕು. ಕಿಡ್ನಿ, ಮೂತ್ರನಾಳಗಳಿಗಾಗಿ ಸಿ.ಟಿ. ಯೂರೊಗ್ರಾಂ ಮಾಡಿಸುತ್ತಾರೆ, ಅದಕ್ಕೆ ಮುಂಚೆ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿರಬೇಕು.

ಸಿಸ್ಟೊಸ್ಕೋಪಿ ಎಂದರೆ ಮಾವ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಆದದ್ದು ಹತ್ತೇ ನಿಮಿಷದ ಕೆಲಸ. ಮರಗಟ್ಟಿಸುವ ಜೆಲ್ ಹಾಕಿ, ಬಳುಕುವ ಸಣ್ಣ ಕೊಳವೆ ಒಳಗೆ ಬಿಟ್ಟರು. ಪರದೆಯ ಮೇಲೆ, ನೀರೊಳಗಿನ ಪಾಚಿಯಂತೆ ಅಲ್ಲಾಡುವ ಒಂದು ಗೊಂಚಲು. ‘ಇಷ್ಟೇಯಾ?’ ಎಂದರು ಮಾವ. ಆಮೇಲೆ ಎರಡು ದಿನ ಉರಿ ಇತ್ತು, ನೀರು ಕುಡಿದರು, ಹೋಯಿತು.

ವರದಿಯಲ್ಲಿ ಹುಡುಕಬೇಕಾದ ಒಂದು ಪದ

ಮುಂದಿನದು ಟಿ.ಯು.ಆರ್.ಬಿ.ಟಿ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ್ವಾರದಿಂದಲೇ ಗಡ್ಡೆಯನ್ನು ಕೆರೆದು ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಇದೇ ಬಯಾಪ್ಸಿ, ಇದೇ ಮೊದಲ ಚಿಕಿತ್ಸೆ. ಪೆಥಾಲಜಿ ವರದಿ ಬಂದಾಗ ಹೆಚ್ಚಿನವರು ‘ಕ್ಯಾನ್ಸರ್’ ಎಂಬ ಪದ ಓದಿ ಕಾಗದ ಮಡಚಿಬಿಡುತ್ತಾರೆ. ನೀವು ಹುಡುಕಬೇಕಾದದ್ದು ‘ಮಸಲ್’. ತೆಗೆದ ತುಣುಕಿನಲ್ಲಿ ಮೂತ್ರಕೋಶದ ಸ್ನಾಯು ಇತ್ತೇ? ಇದ್ದರೆ ಕ್ಯಾನ್ಸರ್ ಅದರೊಳಗೆ ಇಳಿದಿದೆಯೇ? ಸ್ನಾಯುವೇ ಸಿಕ್ಕಿಲ್ಲವೆಂದಾದರೆ ಆಳ ಎಷ್ಟೆಂದು ಖಚಿತವಾಗಿ ಹೇಳಲಾಗದು. ಅಂಥ ಕಡೆ, ಒಳಪದರ ದಾಟಿದ ‘ಟಿ1’ ಆದಾಗಲೂ, 2ರಿಂದ 6 ವಾರದೊಳಗೆ ಮತ್ತೊಮ್ಮೆ ಕೆರೆಯುವುದು ವಾಡಿಕೆ. ‘ಮೊದಲ ಸಲ ಸರಿಯಾಗಿ ಮಾಡಲಿಲ್ಲವೇನೋ’ ಎಂಬ ಅನುಮಾನ ಬೇಡ.

ಸ್ನಾಯು ಮುಟ್ಟದ, ಆದರೆ ಮರುಕಳಿಸುವ ಅಪಾಯ ಹೆಚ್ಚಿರುವ ಗಡ್ಡೆಗೆ ಬಿ.ಸಿ.ಜಿ. ಕೊಡುತ್ತಾರೆ. ಹೌದು, ಮಕ್ಕಳಿಗೆ ಕ್ಷಯ ಬಾರದಿರಲೆಂದು ತೋಳಿಗೆ ಹಾಕುವ ಅದೇ ಬಿ.ಸಿ.ಜಿ. ಮೂತ್ರಕೋಶದೊಳಗೆ ಅದನ್ನು ಹಾಕಿ ಫಲ ಕಂಡದ್ದನ್ನು ಕೆನಡಾದ ಅಲ್ವಾರೊ ಮೊರಾಲೆಸ್ 1976ರಲ್ಲಿ ವರದಿ ಮಾಡಿದರು. ವಾರಕ್ಕೊಂದರಂತೆ 6 ಸಲ, ಆಮೇಲೆ 1ರಿಂದ 3 ವರ್ಷ ನಡುನಡುವೆ. ಎರಡು ಗಂಟೆ ಒಳಗೇ ಹಿಡಿದಿಟ್ಟುಕೊಳ್ಳಬೇಕು; ಆ ದಿನ ಬೆಳಿಗ್ಗೆ ಕಾಫಿ, ನೀರು ಕಡಿಮೆ ಮಾಡಿದರೆ ಸುಲಭ. ಅದು ಜೀವಂತ ರೋಗಾಣು. ಮುಂದಿನ 6 ಗಂಟೆ ಗಂಡಸರೂ ಕೂತೇ ಮೂತ್ರ ಮಾಡಬೇಕು, ಪ್ರತಿ ಸಲ ಕಮೋಡಿಗೆ ಬ್ಲೀಚ್ ಸುರಿದು ಕಾಲು ಗಂಟೆ ಬಿಟ್ಟು ಫ್ಲಶ್ ಮಾಡಬೇಕು. ಆ ದಿನ ಮೂತ್ರದಲ್ಲಿ ರಕ್ತವೋ ಜ್ವರವೋ ಇದ್ದರೆ ಹಾಕುವ ಮೊದಲೇ ತಿಳಿಸಿ. ಹಾಕಿಸಿಕೊಂಡ ಮೇಲೆ ಚಳಿಜ್ವರ ಬಂದು ಇಳಿಯದಿದ್ದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ.

ಸ್ನಾಯುವಿಗೆ ಇಳಿದಿದ್ದರೆ ದಾರಿ ಬೇರೆ. ದೇಹ ತಾಳುವಂತಿದ್ದರೆ ಮೊದಲು ಕೀಮೊ, ಆಮೇಲೆ ಮೂತ್ರಕೋಶವನ್ನೇ ತೆಗೆಯುವ ದೊಡ್ಡ ಆಪರೇಷನ್. ಕರುಳಿನ ತುಂಡಿನಿಂದ ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸುತ್ತಾರೆ, ಅಥವಾ ಕರುಳಿನಿಂದಲೇ ಹೊಸ ಮೂತ್ರಕೋಶ ಹೊಲಿಯುತ್ತಾರೆ. ಆಯ್ದ ಕೆಲವರಿಗೆ ಮೂತ್ರಕೋಶ ಉಳಿಸಿಕೊಂಡು ರೇಡಿಯೇಷನ್, ಕೀಮೊ ಜೊತೆಯಾಗಿ ಕೊಡುವುದೂ ಉಂಟು. ‘ನನಗೆ ಅದು ಆಗುತ್ತದೆಯೇ?’ ಎಂದು ಸಹಿ ಹಾಕುವ ಮೊದಲು ಕೇಳಿ. ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ಬರೀ ವರದಿ ಸಾಲದು, ಲ್ಯಾಬಿನಿಂದ ಸ್ಲೈಡ್, ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಕೂಡ ಕೇಳಿ ಪಡೆಯಿರಿ.

ಕಿಡ್ನಿಯದು ಬೇರೆ ಕಥೆ

ಕಿಡ್ನಿಯ ಗಡ್ಡೆ ಈಗ ಹೆಚ್ಚಾಗಿ ಸಿಗುವುದು ಗ್ಯಾಸ್ಟ್ರಿಕ್‌ಗೋ ಪಿತ್ತದ ಕಲ್ಲಿಗೋ ಸ್ಕ್ಯಾನ್ ಮಾಡಿಸಿದಾಗ. 4 ಸೆಂ.ಮೀ.ಗಿಂತ ಚಿಕ್ಕದಾದರೆ ಸಾಧ್ಯವಿದ್ದಲ್ಲೆಲ್ಲ ಗಡ್ಡೆಯಷ್ಟನ್ನೇ ತೆಗೆದು ಕಿಡ್ನಿ ಉಳಿಸುತ್ತಾರೆ. ‘ಬಯಾಪ್ಸಿ ಮಾಡದೆ ಆಪರೇಷನ್ನಾ?’ ಎಂದು ಗಾಬರಿ ಬೇಡ, ಬಹಳ ಸಲ ಸಿ.ಟಿ. ಚಿತ್ರವೇ ಸಾಕಾಗುತ್ತದೆ. ಮಾಮೂಲಿ ಕೀಮೊ ಇದರ ಮೇಲೆ ಅಷ್ಟಾಗಿ ನಡೆಯದು; ಹರಡಿದ್ದರೆ ಇಮ್ಯುನೊಥೆರಪಿ, ಗುರಿಯಿಟ್ಟ ಮಾತ್ರೆಗಳು.

ದುಡ್ಡು, ದಿನಾಂಕ

ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ವಿಕ್ಟೋರಿಯಾ ಆವರಣದ ನೆಫ್ರೊ-ಯುರಾಲಜಿ ಸಂಸ್ಥೆ ಎರಡೂ ಸರ್ಕಾರದವು. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ಅದಿಲ್ಲದೆ ಕೌಂಟರಿನಿಂದ ಹಿಂದೆ ಬಂದವರನ್ನು ನೋಡಿದ್ದೇನೆ.

ಮೂತ್ರಕೋಶದ ಗಡ್ಡೆ ಮರಳಿ ಬರುವುದರಲ್ಲಿ ಕುಖ್ಯಾತ. ಮೊದಲ ಮರುಪರೀಕ್ಷೆ 3 ತಿಂಗಳಿಗೆ. ಅಪಾಯ ಹೆಚ್ಚಿದ್ದರೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮಾವ ಎರಡನೇ ಸಲವೇ ‘ಮೂತ್ರ ತಿಳಿಯಾಗಿದೆಯಲ್ಲ, ಯಾಕೆ?’ ಎಂದು ತಗಾದೆ ತೆಗೆದಿದ್ದರು. ಅತ್ತೆ ಮಾತಾಡಲಿಲ್ಲ. ಗೋಡೆಯ ಪಂಚಾಂಗದಲ್ಲಿ ಸಂಕಷ್ಟಿಯ ಪಕ್ಕದ ಚೌಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬಸ್ಸಿನ ಹೊತ್ತನ್ನೂ ಬರೆದರು.