ಶಾಲೆ ಮುಗಿಸಿದ ಮಕ್ಕಳೂ ಲಕ್ಕಮ್ಮನವರ ಅಳತೆಯೂ

ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದೊಡನೆ ಮನೆಯವರು ವಿಚಾರಿಸುವುದು ಅಂಕಗಳನ್ನು. ಅದು ಸಹಜವೇ, ಮುಂದಿನ ವ್ಯಾಸಂಗಕ್ಕೆ ಅವು ಬೇಕು. ಆದರೆ ಹತ್ತು ವರ್ಷ ಓದಿದ ಮಗನಿಗೆ ಮನೆಯ ಸಾಲದ ಬಡ್ಡಿಯನ್ನು ಲೆಕ್ಕಹಾಕಲು ಬರುವುದೇ, ತಂದೆಯ ಅಂಗಡಿಯಲ್ಲಿ ಕುಳಿತು ತಕ್ಕಡಿ ಹಿಡಿಯಲು ಆತನು ನಾಚುವನೇ ಎಂಬುದನ್ನು ಅಂಕಪಟ್ಟಿಯು ತಿಳಿಸದು. ಅದನ್ನು ಅಳೆಯುವ ಕೊಳಗವೇ ಬೇರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅದು ಒಬ್ಬ ಬಡ ಗೃಹಿಣಿಯ ಕೈಯಲ್ಲಿತ್ತು.

ಆಯ್ದಕ್ಕಿ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದವರೆಂಬುದು ಪ್ರತೀತಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಅವರ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಒಮ್ಮೆ ಮಾರಯ್ಯನವರು ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತರು. ಕಾಯಕದ ವೇಳೆ ಮೀರುತ್ತಿತ್ತು. ಲಕ್ಕಮ್ಮನವರು ಅದನ್ನು ನೆನಪಿಸಿ ಪತಿಯನ್ನು ಕಳುಹಿಸಿದರು. ಆ ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದರು.

ಈ ಪ್ರಸಂಗವನ್ನು ದುರಾಸೆಯ ಖಂಡನೆಯೆಂದಷ್ಟೇ ಹೇಳಿ ಮುಗಿಸುವುದು ರೂಢಿ. ಆದರೆ ಲಕ್ಕಮ್ಮನವರು ಮಾಡಿದ್ದು ಮೊದಲು ಒಂದು ಲೆಕ್ಕ. ಮನೆಗೆ ಎಷ್ಟು ಬೇಕು, ದಾಸೋಹಕ್ಕೆ ಎಷ್ಟು ಸಲ್ಲಬೇಕು ಎಂಬುದು ತಿಳಿಯದವರಿಗೆ ಹೆಚ್ಚಾದುದು ಕಣ್ಣಿಗೆ ಬೀಳುವುದೇ ಇಲ್ಲ. ಶಾಲೆಯು ಶೇಕಡಾ ಲೆಕ್ಕವನ್ನೂ ಬಡ್ಡಿಯ ಸೂತ್ರವನ್ನೂ ಕಲಿಸಿರುತ್ತದೆ. ಅಂಗಡಿಯವನು ಮರೆತು ಕೊಟ್ಟ ಹೆಚ್ಚಿನ ಚಿಲ್ಲರೆಯನ್ನು ಎಣಿಸಿ ಹಿಂದಿರುಗಿಸುವಾಗ ಆ ವಿದ್ಯೆ ವಿದ್ಯಾರ್ಥಿಯ ಸ್ವಂತದ್ದಾಗುತ್ತದೆ. ಹಾಗೆಯೇ ಪ್ರಭುದೇವರ ಗೋಷ್ಠಿಯೂ ಅಂದಿನ ಕಾಯಕಕ್ಕೆ ಬದಲಾಗಲಿಲ್ಲ. ಓದುವ ಹುಡುಗನೆಂದು ಮಗನಿಗೆ ನೀರಿನ ಕೊಡವನ್ನೂ ಎತ್ತಗೊಡದ ತಾಯ್ತಂದೆಗಳು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಮನೆಯ ದುಡಿಮೆ ತನ್ನದಲ್ಲವೆಂದು ಆತನಿಗೆ ಕಲಿಸಿದವರು ಉಪಾಧ್ಯಾಯರಲ್ಲ.

ಗೃಹಸ್ಥರು ಈ ಬೇಸಿಗೆಯ ರಜೆಯಲ್ಲಿ ಮನೆಯ ಖರ್ಚಿನ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟುನೋಡಬಹುದು. ಕೂಡಿಸುವಲ್ಲಿ ತಪ್ಪಿದರೆ ತಿದ್ದಬಹುದು. ಕಠಿಣವಾದುದು ಅವರ ಲೆಕ್ಕ ಸರಿಯಾಗಿದ್ದಾಗ. ದಾಸೋಹಕ್ಕೆಂದು ತೆಗೆದಿಟ್ಟುದು ಮದುವೆಯ ಆಡಂಬರಕ್ಕೆ ಹೋಗಿದೆಯೆಂದು ಮಗಳು ಪುಟ ತೋರಿಸಿ ಹೇಳಿಯಾಳು. ಗಿರಾಕಿಗಳೆದುರಿಗೇ, “ತೂಕ ಕಡಿಮೆ ಆಯ್ತಪ್ಪಾ” ಎಂದಾಳು. ಹಿರಿಯರೆದುರು ವಿನಯದಿಂದ ಸತ್ಯ ನುಡಿಯುವ ಈ ಧೈರ್ಯವಿಲ್ಲದೆ ಶಾಲೆಯಿಂದ ಹೊರಬಂದ ಮಕ್ಕಳ ಓದು ಅರ್ಧವೇ ಸರಿ. ಮನೆಯಲ್ಲಿ ಗದರಿಸಿ ಸುಮ್ಮನಾಗಿಸಿದರೆ ಇದ್ದ ಧೈರ್ಯವೂ ಇಂಗುತ್ತದೆ. ಮಾರಯ್ಯನವರು ಮಡದಿಯನ್ನು ಗದರಿಸಲಿಲ್ಲ. ಹೆಚ್ಚಿನ ಅಕ್ಕಿಯನ್ನು ಕಟ್ಟಿಕೊಂಡು ಮರಳಿ ಅಂಗಳದ ದಾರಿ ಹಿಡಿದರು.