ಸರ್ಟಿಫಿಕೇಟ್‌ಗೆ ಕಾಯಬೇಡಿ, ಮಗುವಿನ ಚಿಕಿತ್ಸೆ ಮೊದಲು ಶುರುಮಾಡಿ

ಮಾತು ಬಾರದ, ಊಟ ಅಗಿದು ನುಂಗಲಾಗದ ಮಗುವಿಗೆ ಚಿಕಿತ್ಸೆ ಕೊಡಿಸಲು ಅಂಗವಿಕಲ ಸರ್ಟಿಫಿಕೇಟ್ ಬೇಕಿಲ್ಲ. ಈ ಒಂದು ಮಾತು ತಿಳಿಯದೆ ನಮ್ಮ ಬೆಳಗಾವಿ ಭಾಗದ ಜನ ಕಳೆದುಕೊಳ್ಳುವಷ್ಟನ್ನು ಬೇರೆ ಯಾವುದರಿಂದಲೂ ಕಳೆದುಕೊಳ್ಳುವುದಿಲ್ಲ.

ಸವದತ್ತಿ ಕಡೆಯ ಹಳ್ಳಿಯ ತಾಯಿಯೊಬ್ಬರು ಮಗನನ್ನು ಎತ್ತಿಕೊಂಡು ನನ್ನ ಬಳಿ ಬಂದಿದ್ದರು. ಹುಡುಗನಿಗೆ ನಾಲ್ಕು ತುಂಬಿತ್ತು, "ಅವ್ವಾ" ಅನ್ನಲೂ ಬರುತ್ತಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟರೂ ಅರ್ಧ ಹೊರಗೆ ಬರುತ್ತಿತ್ತು; ಪ್ರತಿ ತುತ್ತಿಗೂ ಕೆಮ್ಮು. ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿದ್ದೀರಾ ಎಂದು ಕೇಳಿದೆ. "ಸರ್ಟಿಫಿಕೇಟ್ ಆದ ಮ್ಯಾಲೆ ಹೋಗ್ರಿ ಅಂದಾರ್ರಿ ಸಾಹೇಬ್ರ." ಹಾಗೆ ಅಂದವರು ಯಾರು? ಕಚೇರಿ ಮುಂದೆ ಅರ್ಜಿ ಬರೆದುಕೊಡುವವ. ಅವನ ಮಾತು ನಂಬಿ ಎರಡು ವರ್ಷ ಹೋಗಿತ್ತು. ಮಗು ಮಾತು ಕಲಿಯುವ ವಯಸ್ಸಿನ ಎರಡು ವರ್ಷ. ಅದನ್ನು ಯಾವ ಕೋರ್ಟೂ ತಿರುಗಿ ಕೊಡಿಸಲಾರದು.

ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇರಬೇಕು ಎಂಬ ಲೆಕ್ಕ ಬರುವುದು ಮಾಸಾಶನ, ಮೀಸಲಾತಿಯಂಥ ಸೌಲಭ್ಯಗಳಿಗೆ. ಚಿಕಿತ್ಸೆಗೆ ಆ ಲೆಕ್ಕವಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 25ನೇ ಕಲಂ ಪ್ರಕಾರ ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಿ, ತೊಂದರೆಯ ಸುಳಿವಿರುವವರನ್ನು ಗುರುತಿಸುವುದು ಸರ್ಕಾರದ ಕೆಲಸ. ಅಂಥ ತಪಾಸಣೆಗೆ 2013ರಿಂದಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿನಿಂದ 18 ವರ್ಷದವರೆಗೆ ಎಲ್ಲವೂ ಉಚಿತ. ಮಾತು ತಡವಾಗುವುದು, ಕಿವಿ ಕೇಳದಿರುವುದು, ಸೀಳು ತುಟಿ, ಸೀಳು ಅಂಗುಳ ಎಲ್ಲವೂ ಅದರ ಪಟ್ಟಿಯಲ್ಲಿವೆ.

ಹಾಗಾದರೆ ಏನು ಮಾಡಬೇಕು?

1. ಅಂಗನವಾಡಿಯಲ್ಲಿ ಕೇಳಿ. ಈ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಬರುವ ದಿನ ತಿಳಿದುಕೊಂಡು ಮಗುವನ್ನು ತೋರಿಸಿ. ತಂಡ ಬಂದೇ ಇಲ್ಲ ಎನ್ನುತ್ತೀರಾ? ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. "ದೊಡ್ಡವನಾದ್ರ ಮಾತ ಬರ್ತಾವ, ಅವರಪ್ಪಗೂ ತಡಾನ ಬಂದಿದ್ವು" ಎಂದು ಯಾರಾದರೂ ಸಮಾಧಾನ ಹೇಳಿದರೆ, ವೈದ್ಯರೇ ಹೇಳಿದರೂ, ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿಯಿರಿ. ಕೇಳದ ಕಿವಿಗೆ ಮಾತು ಕಲಿಸಲು ಆಗುವುದಿಲ್ಲ.

2. ಆ ಚೀಟಿ ಹಿಡಿದು ಬೆಳಗಾವಿ ಜಿಲ್ಲಾಸ್ಪತ್ರೆಯ ಡಿಇಐಸಿಗೆ ಹೋಗಿ. ಚಿಕ್ಕ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಲೆಂದು ಇರುವ ಕೇಂದ್ರ ಅದು. ಮಾತಿಗಷ್ಟೇ ಅಲ್ಲ, ನುಂಗುವ ತೊಂದರೆಗೂ ಸ್ಪೀಚ್ ಥೆರಪಿಸ್ಟ್ ಬೇಕು. ಇದು ಹಲವರಿಗೆ ಗೊತ್ತಿಲ್ಲ. ಆದ್ದರಿಂದ ಮಾತಿನ ಜೊತೆಗೆ ಊಟದ ಕಥೆಯನ್ನೂ ಹೇಳಿ: ಕೆಮ್ಮು, ಮೂಗಿನಿಂದ ಹಾಲು ಬರುವುದು, ಒಂದು ಊಟಕ್ಕೆ ಹಿಡಿಯುವ ಸಮಯ, ಪದೇ ಪದೇ ನ್ಯುಮೋನಿಯಾ. ಮಗು ಊಟ ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಮಗು ಬಾಯಿಯನ್ನೇ ತೆರೆಯುವುದಿಲ್ಲ. ಹೇಳಿದ್ದೆಲ್ಲ ಕೇಸ್ ಶೀಟಿನಲ್ಲಿ ಬರೆದಿದ್ದಾರೆಯೇ ನೋಡಿ. ಮನೆಯಲ್ಲಿ ಮಗುವನ್ನು ಮಲಗಿಸಿ ಬಾಯಿಗೆ ಹಾಲು ಸುರಿಯುವುದನ್ನು ಇವತ್ತೇ ನಿಲ್ಲಿಸಿ. ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪ ಕೊಡಿ, ಉಳಿದದ್ದನ್ನು ಥೆರಪಿಸ್ಟ್ ಕಲಿಸುತ್ತಾರೆ. ಆಸ್ಪತ್ರೆಗೆ ಹೋಗಿಬರಲು ಶಕ್ತಿ ಯೋಜನೆಯಲ್ಲಿ ತಾಯಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ, ಆಧಾರ್ ಕಾರ್ಡ್ ಮರೆಯಬೇಡಿ.

ಖಾಸಗಿ ಥೆರಪಿ ಸೆಂಟರಿಗೆ ಹೋಗುವವರು ಮೊದಲು ಥೆರಪಿಸ್ಟ್‌ನ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್) ನೋಂದಣಿ ಸಂಖ್ಯೆ ಕೇಳಿ. ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ, 1992ರ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ನಡೆಸುವುದು ಒಂದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಗೋಡೆಯ ಮೇಲೆ ಸರಸ್ವತಿಯ ಫೋಟೋ ಇದ್ದರೆ ಸಾಲದು.

3. ಅಂಗನವಾಡಿ ಊಟ ಬಿಡಬೇಡಿ. "ನಿಮ್ಮ ಹುಡುಗ ತಿನ್ನೂದಿಲ್ಲ, ಮನ್ಯಾಗ ಇಟ್ಕೋರಿ" ಎಂದು ಕಳಿಸುವ ಹಕ್ಕು ಯಾರಿಗೂ ಇಲ್ಲ. ಆಹಾರ ಭದ್ರತಾ ಕಾಯ್ದೆ, 2013ರ 5ನೇ ಕಲಂ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ಉಚಿತ ಆಹಾರ ಕೊಡಬೇಕು ಎನ್ನುತ್ತದೆ. ಅದನ್ನು ಮೆತ್ತಗೆ ಮಾಡಿ ಕೊಡಿ ಎಂದು ಕೇಳುವುದು 2016ರ ಕಾಯ್ದೆಯ ಪ್ರಕಾರ ನ್ಯಾಯವಾದ ಬೇಡಿಕೆ. ತೂಕ ತೀರ ಕಡಿಮೆಯಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ಕೇಳಿ.

4. ಚಿಕಿತ್ಸೆ ಶುರುವಾದ ಮೇಲೆ ಸರ್ಟಿಫಿಕೇಟ್. ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗಬೇಕು. ಅದೇ ಅವರ ಕೆಲಸ, ಉಪಕಾರವಲ್ಲ. ಏಜೆಂಟನಿಗೆ ಒಂದು ರೂಪಾಯಿಯೂ ಬೇಡ. "ಪರ್ಸೆಂಟ್ ಜಾಸ್ತಿ ಹಾಕಸ್ತೀನಿ" ಎಂದವನ ಹಿಂದೆ ಹೋದರೆ ಸಿಕ್ಕಿಬೀಳುವವರು ನೀವು: ಸುಳ್ಳು ಹೇಳಿ ಸೌಲಭ್ಯ ಪಡೆದರೆ 2016ರ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಕಿತ್ತೂರಿನವರಿಗೆ ಒಂದು ಮಾತು. ನೀವು ಬೆಳಗಾವಿಗಿಂತ ಹತ್ತಿರ ಎಂದು ಧಾರವಾಡಕ್ಕೆ ಹೋಗುತ್ತೀರಿ; ಅಲ್ಲಿ "ನಿಮ್ಮ ಜಿಲ್ಲೆ ಬೇರೆ" ಎಂದು ತಿರುಗಿಸಿ ಕಳಿಸುತ್ತಾರೆ. ಅದೇ ಕಾಯ್ದೆಯಡಿಯ 2017ರ ನಿಯಮ ಹಾಗೆ ಹೇಳಿಲ್ಲ. ವಾಸವಿರುವ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಮಗುವಿಗೆ ಅದೇ ತೊಂದರೆಗೆ ಚಿಕಿತ್ಸೆ ನಡೆದ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರಕ್ಕೂ ಹಾಕಬಹುದು. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಿ ಎನ್ನಿ. ಬಾಯಿಮಾತಿನ "ಆಗೂದಿಲ್ಲ" ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ, ಕಾಗದದ ಮೇಲಿನದಕ್ಕೆ ಕಾಯ್ದೆಯ 59ನೇ ಕಲಂನಲ್ಲಿ ದಾರಿಯಿದೆ.

ಇನ್ನೊಂದು ಎಚ್ಚರ. ಐದು ವರ್ಷದೊಳಗಿನ ಮಕ್ಕಳಿಗೆ ಹಲವು ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ದಿನವನ್ನು ಇವತ್ತೇ ಗುರುತು ಹಾಕಿಕೊಳ್ಳಿ. ಮುಗಿಯಿತು ಎಂದು ಯಾವ ಕಚೇರಿಯೂ ಕರೆದು ಹೇಳುವುದಿಲ್ಲ, ಮಾಸಾಶನ ನಿಂತ ಮೇಲೆ ಗೊತ್ತಾಗುತ್ತದೆ.

5. ಚಿಕಿತ್ಸೆಯ ಖರ್ಚಿನ ವಿಷಯದಲ್ಲಿ ಸರ್ಟಿಫಿಕೇಟ್ ನಿಜಕ್ಕೂ ಬೇಕಾದ ಕಡೆ ಒಂದಿದೆ: ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ. ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ, ಥೆರಪಿ ಖರ್ಚೂ ಒಂದು ಮಿತಿಯೊಳಗೆ ಸಿಗುತ್ತದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಬರೀ ಮಾತಿನ ತೊಂದರೆಗೆ ಇಲ್ಲ. ಮೊದಲು ನೀವು ಖರ್ಚು ಮಾಡಿ ಆಮೇಲೆ ಪಡೆಯಬೇಕು, ಹಾಗಾಗಿ ಒಂದು ಬಿಲ್ಲೂ ಕಳೆಯಬೇಡಿ. ಇದೇ ಹೆಸರಿನಲ್ಲಿ "ಗಾರ್ಡಿಯನ್‌ಶಿಪ್ ಮಾಡಿಸ್ರಿ" ಎಂದು ದುಡ್ಡು ಕೀಳುವವರಿದ್ದಾರೆ. ಮಗುವಿಗೆ 18 ಆಗುವವರೆಗೆ ತಂದೆ-ತಾಯಿಯೇ ಪೋಷಕರು, ಅದಕ್ಕೆ ಬೇರೆ ಆದೇಶ ಬೇಡ.

ಎಲ್ಲ ಕಡೆ ಬಾಗಿಲು ಮುಚ್ಚಿದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ಏನು ಮಾಡಿದೆ ಎಂದು ಉತ್ತರಿಸಬೇಕು. ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಬರೆಯಲು ಬಾರದವರು, ಹೆದರುವವರು ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬನ್ನಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಹಾಗೆ ಕೊಟ್ಟ ವಕೀಲರು ನಿಮ್ಮ ಹತ್ತಿರ ಫೀಸು ಕೇಳಿದರೆ ಅವರ ಮೇಲೂ ಅದೇ ಸಮಿತಿಗೆ ಬರೆದು ಕೊಡಿ. ಅದಕ್ಕೂ ಸೀಲು ಹಾಕಿಸಿಕೊಳ್ಳಿ.