ಸಿಂಪಿಗ ಹಕ್ಕಿ ಮತ್ತು ಮೊದಲ ಶೀಲ

 

ಹುಲಿಗಿಯ ನಮ್ಮ ಮನೆಯ ಹಿತ್ತಲಲ್ಲಿ ಅಂಜೂರದ ಗಿಡಕ್ಕೆ ಸಿಂಪಿಗ ಹಕ್ಕಿ ಗೂಡು ಕಟ್ಟಿದೆ. ಟುವ್ವಿ ಅಂತಲೂ ಅನ್ನುತ್ತಾರೆ, ಅದು ಕೂಗುವುದೇ ಹಾಗೆ. ಗುಬ್ಬಿಗಿಂತ ಚಿಕ್ಕದು, ನೆತ್ತಿ ತುಕ್ಕಿನ ಬಣ್ಣ, ಬಾಲ ಸದಾ ನೆಟ್ಟಗೆ. ಮಲೆನಾಡಿನ ಕಾಡಂಚಿನ ಕೆಳಪೊದೆಗಳಲ್ಲಿರುವ ಹಕ್ಕಿಯೇ ನಮ್ಮ ಬಿಸಿಲುನಾಡಿನ ಬೇಲಿಯಲ್ಲೂ ಬದುಕುತ್ತದೆ. ಹೊಲಿಯುವವಳು ಹೆಣ್ಣು. ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಹಾಕಿ, ಹತ್ತಿಯ ಎಳೆ, ಜೇಡರ ಬಲೆಯ ಎಳೆ ತೂರಿಸಿ, ಎಲೆಯನ್ನು ಚೀಲದಂತೆ ಮಾಡುತ್ತಾಳೆ. ಗಂಟು ಹಾಕುವುದಿಲ್ಲ, ತೂತಿನಾಚೆ ಎಳೆಯ ತುದಿ ಬಿರಿದು ಕಚ್ಚಿಕೊಳ್ಳುತ್ತದೆ. ನಮ್ಮ ಹೊಲಿಗೆ ಮಷೀನಿನವರು ನೋಡಬೇಕು!

ಭಾನುವಾರ ಅಧ್ಯಯನಕ್ಕೆ ಬಂದವರೆಲ್ಲ ನೋಡುತ್ತಿರುವಾಗಲೇ ತಾಯಿ ಹಕ್ಕಿ ಹಸಿರು ಹುಳ ತಂದು ಮರಿಯ ಬಾಯಿಗಿಟ್ಟಿತು. ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಜೀವ ತೆಗೆಯಬಾರದು ಅಂತ ಈಗಷ್ಟೇ ಪಂಚಶೀಲ ಹೇಳಿದ್ವಿ. ಈ ಹಕ್ಕಿ ದಿನಾ ಕೊಲ್ಲತೈತಿ. ಇದಕ್ಕ ಪಾಪ ಹತ್ತೂದಿಲ್ಲೇನ್ರಿ?”

ನಾನು ಉತ್ತರಿಸುವ ಮೊದಲೇ ಹಿಂದೆ ಕೂತಿದ್ದ ಅಜ್ಜಿ ಅಂದರು: “ಹಿಂದಿನ ಜನ್ಮದಾಗ ಪಾಪ ಮಾಡಿತ್ತು. ಅದಕ್ಕ ಹಕ್ಕಿಯಾಗಿ ಹುಳ ತಿಂತೈತಿ.”

ಆ ಮಾತು ನನಗೆ ಚುಚ್ಚಿತು. ಬಾವಿಯಿಂದ ದೂರ ನಿಂತು, ಯಾರಾದರೂ ಕೊಡಕ್ಕೆ ನೀರು ಹೊಯ್ಯಲಿ ಎಂದು ಕಾಯುತ್ತಿದ್ದ ನನ್ನ ಅವ್ವನಿಗೂ ಇದನ್ನೇ ಹೇಳಿದ್ದರು. 1957ರಲ್ಲಿ, ಬಾಬಾಸಾಹೇಬರ ಪರಿನಿಬ್ಬಾಣದ ಮರುವರ್ಷ, ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಬಡವರ ಸ್ಥಿತಿಗೆ ಹಿಂದಿನ ಜನ್ಮ ಕಾರಣ ಎಂದುಬಿಟ್ಟರೆ ಸಮಾಜ ತನ್ನ ಹೊಣೆಯಿಂದ ತಪ್ಪಿಸಿಕೊಳ್ಳುತ್ತದೆ ಎನ್ನುತ್ತಾರೆ. ಅದೇ ಗ್ರಂಥದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ಕೊಲ್ಲುವ ಅಗತ್ಯವನ್ನೂ ಕೊಲ್ಲುವ ಬಯಕೆಯನ್ನೂ ಬೇರೆ ಮಾಡುತ್ತಾರೆ. ಅಹಿಂಸೆ ಅವರಿಗೆ ತತ್ವ, ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ.

ಹುಡುಗಿಗೆ ಇಷ್ಟು ಹೇಳಿದೆ: ಮರಿಗೆ ಹುಳವೇ ಊಟ, ಹಕ್ಕಿಗೆ ಬೇರೆ ದಾರಿಯಿಲ್ಲ. ಶೀಲವೆಂದರೆ ಯೋಚಿಸಿ ಆರಿಸಿಕೊಳ್ಳಬಲ್ಲವರು ತಾವಾಗಿ ತೊಡುವ ಪಣ. ನಾವು ತೊಟ್ಟಿದ್ದೇವೆ, ಹಕ್ಕಿ ತೊಟ್ಟಿಲ್ಲ. ಅದು ಪಾಪಿಯೂ ಅಲ್ಲ, ಪುಣ್ಯವಂತೆಯೂ ಅಲ್ಲ.

ಹುಡುಗಿ ತಲೆಯಾಡಿಸಿ ಮತ್ತೆ ಗೂಡಿನ ಹತ್ತಿರ ಹೋದಳು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಎಲ್ಲರೂ ಎದ್ದ ಮೇಲೆ ಮೆಲ್ಲಗೆ ಕೇಳಿದರು: “ಹಂಗಾದ್ರ ನನ್ನ ಕೂಸು ಹೋಗಿದ್ದು ನಾ ಮಾಡಿದ ಪಾಪಕ್ಕ ಅಲ್ಲೇನ ಯವ್ವಾ?”

“ಅಲ್ಲ ಯಮ್ಮಾ,” ಅಂದೆ. “ಅವತ್ತು ಗಾಡಿ ಸಿಗಲಿಲ್ಲ. ಆಸ್ಪತ್ರೆ ದೂರ ಇತ್ತು.”